ಲೀಲಮ್ಮನವರ ಮನೆಯನ್ನು ನಾನು ಕುಗ್ಗಿಸಿದ್ದು

ದೆಹಲಿಯಲ್ಲಿ ಮನೆ ಅಳೆಯುವವರ ಕೈಯಿಂದ ಟೇಪನ್ನು ಬಿಡಿಸಿಯೇ ತೀರುತ್ತೇನೆ!

2005ರ ನವೆಂಬರಿನ ಒಂದು ಸೋಮವಾರ ನನ್ನ ದಿನಚರಿಯಲ್ಲಿ ಹೀಗೆ ಬರೆದು ಅಡಿಗೆರೆ ಬೇರೆ ಎಳೆದಿದ್ದೇನೆ. ಈಗ ಆ ಪುಟ ಕಂಡರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಯಾರಾದರೂ ಮನೆ ಕೊಳ್ಳಲು ಸಾಲ ಕೇಳಿದರೆ, ಬ್ಯಾಂಕಿನ ಪರವಾಗಿ ಹೋಗಿ ಆ ಮನೆಯನ್ನು ಅಳೆದು, ಬೆಲೆ ಕಟ್ಟಿ ವರದಿ ಕೊಡುವುದು ನನ್ನ ಕೆಲಸ. ಹೌಜ್ ಖಾಸ್‌ನಲ್ಲಿ ನಮ್ಮ ಪುಟ್ಟ ಆಫೀಸು. ಮಗಳು ಗಾನವಿಗೆ ಮೂರು ತುಂಬಿದ ಮೇಲೆ ಸೇರಿಕೊಂಡಿದ್ದೆ. ಬಾಸ್ ಸಭರ್‌ವಾಲ್ ಸಾಹೇಬರು, "ನೀವು ಇಂಜಿನಿಯರ್. ಆಫೀಸಿಗೆ ಯಾವ ಅಳತೆ ಉಪಕರಣ ತರಬೇಕು, ನೀವೇ ಆರಿಸಿ" ಎಂದುಬಿಟ್ಟರು. ನನಗೆ ರಾಜ್ಯಾಭಿಷೇಕವೇ ಆದಂತಾಯಿತು!

ಸ್ವಯಂವರಕ್ಕೆ ಮೂವರು ಬಂದರು. ಒಬ್ಬ ಹಳೆಯ ಸ್ಟೀಲ್ ಟೇಪು. ಇನ್ನೊಂದು ತುದಿ ಹಿಡಿಯಲು ಜನ ಇಲ್ಲದಿದ್ದರೆ ಅಲ್ಲಾಡುವುದಿಲ್ಲ. ಇನ್ನೊಬ್ಬ ವಿದೇಶಿ ಲೇಸರು. ಅವನ ಬೆಲೆ ಕೇಳಿಯೇ ತಲೆ ತಿರುಗಿತು. ಮೂರನೆಯವನು ಗೋಡೆಗೆ ಶಬ್ದ ಕಳುಹಿಸಿ, ಅದು ಮರಳುವ ಹೊತ್ತಿನಿಂದ ಅಳೆಯುವ ಯಂತ್ರ. ಲೇಸರಿನ ಕಾಲು ಭಾಗ ಬೆಲೆ, ಗುರಿ ತೋರಿಸಲು ಕೆಂಪು ಚುಕ್ಕಿ ಉಚಿತ! ಚಾವಡಿ ಬಜಾರಿನ ಅಂಗಡಿಯ ಭಯ್ಯಾ, "ಮೇಡಂಜೀ, ಬಟನ್ ದಬಾಯಿಯೇ, ನಾಪ್ ಹಾಜಿರ್!" ಅಂದ. ಗುಂಡಿ ಒತ್ತಿದರೆ ಸಾಕು, ಅಳತೆ ಸಿದ್ಧವಂತೆ! ಮಾಲೆ ಆ ಮೂರನೆಯವನ ಕೊರಳಿಗೇ ಬಿತ್ತು.

ಸಂಜೆ ನಮ್ಮ ಫ್ಲಾಟಿನ ಖಾಲಿ ಕಾರಿಡಾರಿನಲ್ಲಿ ಪರೀಕ್ಷೆ ಮಾಡಿದೆ. ಟೇಪಿಗೂ ಯಂತ್ರಕ್ಕೂ ಅರ್ಧ ಇಂಚು ವ್ಯತ್ಯಾಸವಿಲ್ಲ. ಪತಿ ಸಂದೀಪ್ ಬಾಗಿಲಿಗೆ ಒರಗಿ ನಿಂತಿದ್ದರು.

"ಶಬ್ದ ಗೋಡೆಗೇ ಹೋಗಿ ಬಡಿಯತ್ತೆ ಅಂತ ಏನು ಗ್ಯಾರಂಟಿ?"

"ಗೋಡೆ ಮೇಲೆ ಕೆಂಪು ಚುಕ್ಕಿ ಕಾಣ್ತಿಲ್ವಾ ನಿಮಗೆ?"

"ಡಬ್ಬದಲ್ಲಿ ಒಂದು ಚೀಟಿ ಇದ್ಯಲ್ಲ, ಓದಿದ್ಯಾ?"

"ಚೀಟಿ ಓದೋದು ಇಂಜಿನಿಯರ್ ಅಲ್ಲದವರಿಗೆ!"

"ಮಮ್ಮಾ, ಲಾಲ್ ಲೈಟ್ ಮುಝೇ ಬೇಕು!" ಎಂದಳು ಗಾನವಿ. ಆ ಮನೆಯಲ್ಲಿ ಯಂತ್ರದ ಬೆಲೆ ಅರಿತವಳು ಅವಳೊಬ್ಬಳೇ ಎಂದುಕೊಂಡೆ.

ಮಂಗಳವಾರ ಫರೀದಾಬಾದಿಗೆ ಹೋದೆ. ಹಾವೇರಿಯ ಕಡೆಯ ಶಂಕರಪ್ಪ, ಲೀಲಮ್ಮ ದಂಪತಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದ ಫ್ಲಾಟು. ಈಗ ಮಾಲೀಕರು ಅದನ್ನು ಅವರಿಗೇ ಮಾರಲು ಒಪ್ಪಿದ್ದರು, ಆದರೆ ಶನಿವಾರದೊಳಗೆ ಸಾಲ ಮಂಜೂರಾಗಬೇಕು. ಕ್ರೆಷ್ ಮುಚ್ಚುವುದರೊಳಗೆ ಗಾನವಿಯನ್ನು ಕರೆದುಕೊಳ್ಳಬೇಕಿದ್ದ ನಾನು ಕೋಣೆಯಿಂದ ಕೋಣೆಗೆ ಬಿರುಗಾಳಿಯಂತೆ ಸುತ್ತಿದೆ. ಟಕ್, ಟಕ್, ಟಕ್! ಹತ್ತು ನಿಮಿಷದಲ್ಲಿ ಮುಗಿಯಿತು. "ಇಷ್ಟು ಬೇಗನಾ?" ಎಂದು ಲೀಲಮ್ಮ ಬೆರಗಾದರು. ನಾನು ವಿನಯದಿಂದ ನಕ್ಕೆ. ವಿನಯ ಸುಳ್ಳು.

ದಾಖಲೆಯಲ್ಲಿ ಆರುನೂರ ಹನ್ನೆರಡು ಚದರಡಿ. ನನ್ನ ಲೆಕ್ಕದಲ್ಲಿ ನಾನೂರ ತೊಂಬತ್ತು! ಯಂತ್ರದ ಮೇಲೆ ಸಂಶಯ ಬಂತೇ? ಇಲ್ಲ. "ಮಾರುವವರು ವಿಸ್ತೀರ್ಣವನ್ನು ಹೆಚ್ಚಿಸಿ ತೋರಿಸಿದ್ದಾರೆ" ಎಂದು ವರದಿಯಲ್ಲಿ ಠೀವಿಯಿಂದ ಬರೆದೆ.

ಗುರುವಾರ ಬ್ಯಾಂಕು ಸಾಲ ತಡೆಹಿಡಿಯಿತು. ತಮ್ಮನ್ನು ಮೋಸಗಾರ ಅಂದದ್ದು ಕೇಳಿ ಮಾಲೀಕರು ಕೆಂಡವಾಗಿ, ಮನೆಯನ್ನು ಬೇರೆಯವರಿಗೆ ಮಾರುತ್ತೇನೆಂದು ಕೂತರು. ಲೀಲಮ್ಮ ಫೋನ್ ಮಾಡಿದರು. ಬೈದಿದ್ದರೆ ಸಹಿಸಬಹುದಿತ್ತು.

"ಅಲ್ಲಮ್ಮಾ, ನೂರಿಪ್ಪತ್ತೆರಡು ಚದರಡಿ ಇಲ್ವಂತೆ. ಮತ್ತೆ ನಾನು ಹನ್ನೊಂದು ವರ್ಷ ಯಾವ ನೆಲ ಒರೆಸಿದ್ದು?"

ಶುಕ್ರವಾರ ಬೆಳಿಗ್ಗೆಯೇ ಟೇಪು, ಯಂತ್ರ ಎರಡನ್ನೂ ಹಿಡಿದು ಓಡಿದೆ. ಟೇಪಿನ ತುದಿ ಹಿಡಿಯಲು ಲೀಲಮ್ಮನವರೇ ಸೆರಗು ಸಿಕ್ಕಿಸಿ ನಿಂತರು. ಮಲಗುವ ಕೋಣೆ: ಟೇಪಿನಲ್ಲಿ ಹನ್ನೆರಡು ಅಡಿ, ಯಂತ್ರದಲ್ಲಿ ಒಂಬತ್ತು! ಕೆಂಪು ಚುಕ್ಕಿ ಮಾತ್ರ ಗೋಡೆಯ ಮೇಲೆ ಧ್ರುವತಾರೆಯಂತೆ ಹೊಳೆಯುತ್ತಿತ್ತು.

ಆ ಗೋಡೆಯ ಮುಂದೆ ಎತ್ತರದ ಸ್ಟ್ಯಾಂಡಿನ ಮೇಲೆ ಏರ್ ಕೂಲರ್. ಬೇಸಿಗೆ ಮುಗಿದಿತ್ತಲ್ಲ, ದೆಹಲಿಯ ಎಲ್ಲರಂತೆ ಅವರೂ ಅದಕ್ಕೆ ಹಳೆಯ ಬೆಡ್‌ಶೀಟ್ ಸುತ್ತಿ ಮೂಲೆಗೆ ತಳ್ಳಿದ್ದರು. ಚುಕ್ಕಿ ಅದರ ಪಕ್ಕದಿಂದ ನುಸುಳಿ ಗೋಡೆ ಮುಟ್ಟುತ್ತಿತ್ತು. ಅಗಲವಾಗಿ ಹರಡಿಕೊಂಡು ಹೋಗುವ ಶಬ್ದ ಮಾತ್ರ ಕೂಲರಿಗೆ ಬಡಿದು ವಾಪಸ್! ಹಾಲ್‌ನಲ್ಲಿ ಬೀರುವಿಗೆ, ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಬಡಿದು ಬಂದಿತ್ತು. ನಾನು ಅಳೆದದ್ದು ಮನೆಯನ್ನಲ್ಲ, ಸಾಮಾನುಗಳ ನಡುವೆ ಉಳಿದ ಗಾಳಿಯನ್ನು! ಆಗ ತೆಗೆದು ಓದಿದೆ ಆ ಚೀಟಿಯನ್ನು. ಮೊದಲನೇ ಸಾಲು: ಖಾಲಿ ಕೋಣೆಯಲ್ಲಿ ಮಾತ್ರ ಬಳಸಿ.

ಟೇಪಿನ ಲೆಕ್ಕ ಆರುನೂರ ಹನ್ನೊಂದೂವರೆ ಬಂತು. ಅವರ ಮಂಚದ ತುದಿಯಲ್ಲಿ ಕೂತು ಅತ್ತುಬಿಟ್ಟೆ. ಲೀಲಮ್ಮ ಉಪ್ಪಿಟ್ಟು ತಂದಿಟ್ಟರು. ಯಾರ ಮನೆ ಕಳೆಯಹೊರಟಿದ್ದೆನೋ ಅವರ ಕೈಯ ಉಪ್ಪಿಟ್ಟು!

ಮಾಲೀಕರ ಮನೆಗೆ ಹೋಗಿ ಕೈಮುಗಿದೆ. ಅವರು ನೀರು ಕೂಡ ಕೊಡಲಿಲ್ಲ, ನ್ಯಾಯವೇ. ಕೊನೆಗೆ, "ಚಲೋ, ಶನಿವಾರ ಸಂಜೆಯವರೆಗೆ ಕಾಯುತ್ತೇನೆ" ಅಂದರು. ಸಭರ್‌ವಾಲ್ ಸಾಹೇಬರು ತಿದ್ದಿದ ವರದಿಯಲ್ಲಿ ತಪ್ಪಿನ ಕಾರಣವನ್ನು ನನ್ನ ಕೈಯಿಂದಲೇ ಬರೆಸಿದರು: "ಮೊದಲ ಸಲ ಕೂಲರನ್ನು ಗೋಡೆಯೆಂದು ಪರಿಗಣಿಸಲಾಗಿತ್ತು." ಅಡಿಯಲ್ಲಿ ನನ್ನ ಸಹಿ, ಡಿಗ್ರಿ ಸಮೇತ!

ಶನಿವಾರ ಮಧ್ಯಾಹ್ನ ಸಾಲ ಮಂಜೂರಾಯಿತು. ಸಂಜೆ ಶಂಕರಪ್ಪನವರ ಫೋನು.

"ಮುಂದಿನ ಭಾನುವಾರ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ. ಮನೆಯವರು, ಮಗು, ಎಲ್ಲಾ ಬರಬೇಕು."

"ಖಂಡಿತ ಬರ್ತೀನಿ. ನನ್ನಿಂದ ಏನಾದ್ರೂ ಸಹಾಯ ಆಗಬೇಕಾ? ಸಂಕೋಚ ಪಟ್ಕೋಬೇಡಿ."

ಆ ಕಡೆ ಗುಸುಗುಸು ಕೇಳಿಸಿತು. ಲೀಲಮ್ಮ ಫೋನು ಕಸಿದುಕೊಂಡರು.

"ಹೊಸ ಕರ್ಟನ್ ಹೊಲಿಸ್ತಾ ಇದೀವಮ್ಮಾ. ಕಿಟಕಿ ಅಳತೆ ಟೈಲರೇ ಬಂದು ತಗೊಂಡು ಹೋಗಿದಾನೆ. ನೀನು ಏನೂ ಮಾಡಬೇಡ, ಬಂದು ಊಟ ಮಾಡ್ಕೊಂಡು ಹೋಗು!"