ಫೇಲಾದ ಮಣ್ಣು

ಮಣ್ಣು ಪರೀಕ್ಷೆ ಮಾಡೋರ ಮಾತನ್ನು ಜನ ಯಾವತ್ತೂ ಕೇಳಿದ್ದಿಲ್ಲ. ಭೂಕಂಪ ಅಂದರಂತೂ ನಕ್ಕೇ ಬಿಡುತ್ತಾರೆ. ಶಿಕಾರಿಪುರದಲ್ಲಿ ರೂಮು ಮಾಡಿಕೊಂಡು, ಭೂಕಂಪ ಸಂಶೋಧನಾ ಕೇಂದ್ರದ ಪರವಾಗಿ ಸೊರಬದ ಕಡೆ ನೆಲ ಕೊರೆಸುತ್ತಾ ಅಲೆಯುವ ನನಗೆ ಇದು ಪ್ರತಿ ವಾರದ ಪಾಡು. ಹೋದ ವರ್ಷದ್ದೇ ತಗೊಳ್ಳಿ. ಕುಪ್ಪಗಡ್ಡೆ ಕಡೆ ಒಂದೂರಲ್ಲಿ, ಮುಚ್ಚಿಹೋದ ಹಳೇ ಕೆರೆಯ ಮೇಲೆ ಶಾಲೆ ಕಟ್ಟಲು ಹೊರಟಿದ್ದರು. ಕೆಳಗೆಲ್ಲ ಮರಳು ಬೆರೆತ ಸಡಿಲ ಹೂಳು. ನೆಲ ಜೋರಾಗಿ ನಡುಗಿದರೆ ಅಂಥ ಒದ್ದೆ ಮಣ್ಣು ಅಂಬಲಿಯಾಗುತ್ತೆ, ಕಟ್ಟಡ ಮಕ್ಕಳ ಸಮೇತ ಕುಸಿಯುತ್ತೆ. ಅದನ್ನು ತಪ್ಪಿಸೋಣ ಅಂತ ಹೊರಟೆ. ನನ್ನ ಕರ್ಮ.

ನೀರು ಬಂತು

ಪರೀಕ್ಷೆಗೆ ತೂತು ಕೊರೆಸಿದೆ. ನಾಲ್ಕಡಿಗೇ ನೀರು! ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಶಾಲಾ ಸಮಿತಿ ಅಧ್ಯಕ್ಷರು ತೆಂಗಿನಕಾಯಿ ಒಡೆದೇಬಿಟ್ಟರು.

"ಇದು ಬೋರ್‌ವೆಲ್ ಅಲ್ಲರೀ! ನೀರು ಇಷ್ಟು ಮೇಲಿರೋದೇ ಅಪಾಯ" ಅಂದೆ.

"ನಿಮ್ಮ ಕೈಗುಣ ಒಳ್ಳೇದಿದೆ ಮೇಡಂ. ನಾಳೆ ನಮ್ಮ ಗದ್ದೆಗೂ ಬನ್ನಿ" ಅಂದರು.

ಗ್ರೇಸ್ ಮಾರ್ಕು

ನೆಲದಲ್ಲಿ ಕೊಳವೆ ನಿಲ್ಲಿಸಿ, ಅದರ ಮೇಲೆ ಭಾರದ ಸುತ್ತಿಗೆ ಬೀಳಿಸಿ, ಒಂದಡಿ ಇಳಿಯಲು ಎಷ್ಟು ಏಟು ಬೇಕು ಅಂತ ಎಣಿಸುತ್ತೇವೆ. ಇಲ್ಲಿ ನಾಲ್ಕೇ ಏಟಿಗೆ ಇಳಿದುಹೋಯಿತು. ಪುಸ್ತಕದಲ್ಲಿ ನಾಲ್ಕು ಅಂತ ಬರೆದೆ. ಹೆಡ್‌ಮಾಸ್ತರು ಇಣುಕಿ ನೋಡಿದರು.

"ಎಷ್ಟಕ್ಕೆ ಪಾಸು ಮೇಡಂ?"

"ಇಲ್ಲಿಗೆ ಹದಿನೈದಾದ್ರೂ ಬೇಕು ಸರ್."

"ಹನ್ನೊಂದು ತಾನೇ ಕಡಿಮೆ? ಗ್ರೇಸ್ ಹಾಕಿ ದಾಟಿಸಿಬಿಡಿ. ನಾನು ಎಷ್ಟು ಹುಡುಗರನ್ನ ಹಾಗೆ ದಾಟಿಸಿಲ್ಲ!"

ಆಗಲ್ಲ ಅಂದೆ. ಅವರು ಮಣ್ಣಿನ ಕಡೆ ಮರುಕದಿಂದ ನೋಡಿದರು.

"ಹಾಗಾದ್ರೆ ಸಪ್ಲಿಮೆಂಟರಿ ಕೊಡಿ. ಪಾಪ, ಮೊದಲನೇ ಸಲ, ಹೆದರಿರುತ್ತೆ."

ಮಣ್ಣೆತ್ತು

ವರದಿ ಕೊಟ್ಟೆ. ಯಾರೂ ಓದಲಿಲ್ಲ. ಗುದ್ದಲಿಪೂಜೆಗೆ ದಿನ ಗೊತ್ತಾಯಿತು. ಆ ಮಕ್ಕಳ ಮುಖ ನೆನೆದು ಅತ್ತೂಬಿಟ್ಟೆ. ಉಳಿದದ್ದು ಆ ಜಾಗದಿಂದ ತಂದು, ತೇವ ಆರದಂತೆ ಬಾಯಿಗೆ ಮೇಣ ಮೆತ್ತಿ ರೂಮಲ್ಲಿಟ್ಟಿದ್ದ ಒಂದು ಕೊಳವೆ ಮಣ್ಣು. ಅದನ್ನು ಲ್ಯಾಬಿಗೆ ಕಳಿಸಿ ಇನ್ನೊಂದು ಸಾಕ್ಷಿ ತರಿಸೋಣ ಅಂದುಕೊಂಡಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆ ದಿನ ನೋಡಿದರೆ ಕೊಳವೆ ಖಾಲಿ! ಮನೆ ಓನರ್ ಅಜ್ಜಿ ಆ ಮಣ್ಣಲ್ಲೇ ಜೋಡೆತ್ತು ಮಾಡಿ ಪೂಜೆಗೆ ಮಣೆ ಮೇಲೆ ನಿಲ್ಲಿಸಿದ್ದರು.

"ಅಯ್ಯೋ ಅಜ್ಜಿ, ಅದು ಶಾಲೆ ಜಾಗದ ಮಣ್ಣು!"

"ಕೆರಿ ಮಣ್ಣಲ್ಲೇನವ್ವ? ಎತ್ತಿಗೆ ಅದೇ ಬೇಕು."

ಅಷ್ಟರಲ್ಲಿ ಅವರ ಸೊಸೆ ಪಕ್ಕದಲ್ಲೇ ಒರಳಿನಲ್ಲಿ ಖಾರ ಕುಟ್ಟತೊಡಗಿದರು. ಮಣೆ ಅದುರಿತು. ಎತ್ತುಗಳ ಮೈಮೇಲೆ ನೀರು ಮಿನುಗಿತು, ಕಾಲು ಸೊಟ್ಟಗಾಗಿ ಎರಡೂ ಕುಸಿದು ಕೂತವು. ನಾನು ಇಷ್ಟು ವರ್ಷ ಓದಿದ್ದು ಕಣ್ಣೆದುರೇ ನಡೆದಿತ್ತು.

ಅಜ್ಜಿ ಕೆನ್ನೆ ಬಡಿದುಕೊಂಡರು. "ಎತ್ತೇ ನಿಂದ್ರವಲ್ವು! ಇದ್ರ ಮ್ಯಾಲೆ ಸಾಲಿ ಕಟ್ತಾರಂತೇನು?"

ಆ ಅಧ್ಯಕ್ಷರು ಅಜ್ಜಿಗೆ ಬೀಗರು. ಕೂಡಲೇ ಫೋನು ಹೋಯಿತು. ವಾರದೊಳಗೆ ಸಭೆ ಸೇರಿ, ಅಪಶಕುನ ಅಂತ ಶಾಲೆಯನ್ನು ಎತ್ತರದ ಗಟ್ಟಿ ನೆಲಕ್ಕೆ ಬದಲಾಯಿಸಿದರು. ನನ್ನ ವರದಿ ಸುಟ್ಟುಹೋಗಲಿ, ಮಕ್ಕಳು ಉಳಿದರಲ್ಲ ಅಂತ ಸಮಾಧಾನವಾಯಿತು.

ಮುಂದಿನ ವಾರ ಅಧ್ಯಕ್ಷರು ಪೇಡೆ ಹಿಡಿದು ಬಂದರು. "ಆ ಖಾಲಿ ಜಾಗ ನಿಮ್ಮ ಸಂಶೋಧನಾ ಕೇಂದ್ರದ ಹೊಸ ಕಟ್ಟಡಕ್ಕೇ ಕೊಟ್ಟಿದ್ದೀವಿ ಮೇಡಂ. ನಿಮ್ಮ ಮೇಲಿನವರೂ ಒಪ್ಪಿ ಸಹಿ ಹಾಕಿದ್ರು."

"ಅದು ಕುಸಿಯುತ್ತೆ ಅಂತಾನೇ ಅಲ್ವೇನ್ರೀ ನಾನು ಬಡ್ಕೊಂಡಿದ್ದು!"

"ಅದಕ್ಕೇ ಕೊಟ್ಟಿದ್ದು. ಕುಸಿಯೋವಾಗ ನೀವು ಒಳಗೇ ಇರ್ತೀರಲ್ಲ, ಅಳತೆ ಬರ್ಕೊಳ್ಳೋಕೆ ಸಲೀಸು."