ಮೀನೆಣ್ಣೆ, ಹಾಲಿನ ಪುಡಿ ಮತ್ತು ನಾನು

ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ಸಿಕ್ಕವರಿಗೆ ನಗುವಿಗೆ ಬರವಿಲ್ಲ. ಮೈಸೂರಿನಲ್ಲಿ ನರ್ಸ್ ತರಬೇತಿ ಮುಗಿಸಿ, ಮದುವೆಯಾಗಿ ಮುಂಬಯಿಗೆ ಬಂದ ನಾನು ಐವತ್ತರ ದಶಕದಲ್ಲಿ ಒಂದು ದವಾಖಾನೆಯ ಪರವಾಗಿ, ಕೋಣೆಗೊಂದು ಸಂಸಾರವಿರುವ ಚಾಳು ಚಾಳು ಅಲೆದೆ. ಮಕ್ಕಳಿಗೆ ಹಾಲು, ಮೀನೆಣ್ಣೆ, ದೊಡ್ಡವರಿಗೆ ಸೂಜಿ, ಎಲ್ಲರಿಗೂ ಉಪದೇಶ. ಜನ ನನ್ನನ್ನು ಮರಾಠಿಯವರ ಹಾಗೆ ಗೌರವದಿಂದ 'ಬಾಯಿ' ಎನ್ನುತ್ತಿದ್ದರು. ಕೆಲಸದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅದು ಜನರನ್ನು ಯಾವ ದಾರಿಯಲ್ಲಿ ತಲುಪುತ್ತದೆ ಎನ್ನುವುದು ಮಾತ್ರ ದಿನಾ ಹೊಸ ಪಾಠ.

೧. ಹಾಜರಿ

ವಡಾಲದ ಒಂದು ಶಾಲೆಗೆ ಪರದೇಶದಿಂದ ಹಾಲಿನ ಪುಡಿ ಬಂತು. ಒಲೆಯ ಮೇಲೆ ನೀರು ಕಾಯುವಷ್ಟರಲ್ಲಿ ಹಾಜರಿ ಮುಗಿಸೋಣ ಎಂದು ಪುಸ್ತಕ ತೆರೆದೆ. ಮೊದಲ ಹೆಸರು ಕೂಗಿದೆ, ಉತ್ತರವಿಲ್ಲ. ಎರಡನೆಯದು, ಮೂರನೆಯದು, ಉಹೂಂ. ತಲೆ ಎತ್ತಿದರೆ ಮಕ್ಕಳೆಲ್ಲ ಕಣ್ಣರಳಿಸಿಕೊಂಡು ಎದುರಿಗೇ ಕೂತಿವೆ, ಒಂದೊಂದರ ಮೂತಿಯೂ ಬೆಳ್ಳಗೆ! ಚೀಲಕ್ಕೆ ಆಗಲೇ ಕೈ ಹಾಕಿ ಒಣ ಪುಡಿಯನ್ನೇ ಬಾಯಿಗೆ ತುಂಬಿಕೊಂಡಿದ್ದವು. ಅದು ಅಂಗುಳಕ್ಕೆ ಅಂಟಿ ನಾಲಗೆ ಅಲ್ಲಾಡದಂತಾಗಿತ್ತು.

ಟೀಚರ್ ನನ್ನ ಕಿವಿಯಲ್ಲಿ ಹೇಳಿದರು: "ಬಾಯಿ, ಈ ಪುಡಿ ನನಗೆ ದಿನಾ ಬೇಕು. ಈ ಕ್ಲಾಸು ಇಷ್ಟು ಸುಮ್ಮನಿದ್ದದ್ದು ಇದೇ ಮೊದಲು."

೨. ಗುಟ್ಟು

ಹೋಟೆಲೊಂದರಲ್ಲಿ ಉಡುಪಿ ಕಡೆಯ ಅಡುಗೆ ಭಟ್ಟರಿದ್ದರು. ಅವರ ಏಳು ವರ್ಷದ ಮಗಳಿಗೆ ಮುಸ್ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆ ತಡವಿಕೊಂಡು ನಡೆಯುತ್ತಿತ್ತು, ಪಾಪ. ದವಾಖಾನೆಯಲ್ಲಿ ಮೀನೆಣ್ಣೆ ಬರೆದುಕೊಟ್ಟರು.

"ಇದು ಮೀನಿನದೇ," ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ.

ಭಟ್ಟರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮಗುವಿನ ಕಣ್ಣು ಅಲ್ವಾ ಅಮ್ಮ, ಕೊಡಿ. ಆದರೆ ಮನೆಯವಳಿಗೆ ಗೊತ್ತಾಗುವುದು ಬೇಡ. ಅವಳು ಭಾರೀ ಮಡಿ."

ಮಾರನೆಯ ದಿನ ಅವರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಂದರು. "ಎಂಥದೋ ಮೀನಿನ ಎಣ್ಣೆ ಉಂಟಂತಲ್ಲ ಅಕ್ಕ, ಕಣ್ಣಿಗೆ ಒಳ್ಳೆಯದಂತೆ? ಇವರಿಗೆ ಮಾತ್ರ ತಿಳಿಯಬಾರದು. ಊಟವನ್ನೇ ಬಿಟ್ಟಾರು!"

ಇಬ್ಬರಿಗೂ ಮಾತು ಕೊಟ್ಟೆ, ಒಂದೊಂದು ಸೀಸೆಯನ್ನೂ ಕೊಟ್ಟೆ. ಮಗುವಿಗೆ ಎರಡರಷ್ಟು ಹೋಗಬಾರದಲ್ಲ, ಅದಕ್ಕೆ ಬೆಳಿಗ್ಗೆ ಅರ್ಧ ಚಮಚ ಕುಡಿಸುವ ಕೆಲಸ ಅಪ್ಪನಿಗೆ, ಸಂಜೆ ಅರ್ಧ ಚಮಚ ಅಮ್ಮನಿಗೆ ಎಂದು ಹಂಚಿದೆ. ಕೆಲವೇ ವಾರಗಳಲ್ಲಿ ಹುಡುಗಿ ಸಂಜೆ ಹೊತ್ತು ಚಾಳಿನ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿಯತೊಡಗಿತು. ಮಗಳಿಗೆ ಮಬ್ಬಿನಲ್ಲೂ ಎಲ್ಲ ಕಾಣಿಸಿತು. ಅದೇ ಒಂದು ಕೋಣೆಯಲ್ಲಿದ್ದ ಅಪ್ಪ ಅಮ್ಮನಿಗೆ ಮಾತ್ರ ಹಾಡುಹಗಲಲ್ಲೂ ಇನ್ನೊಬ್ಬರ ಸೀಸೆ ಕಾಣಿಸಲಿಲ್ಲ.

೩. ಕುದಿಸಿದ ನೀರು

ಭಾಂಡುಪ್‌ನಲ್ಲಿ ವಾಂತಿಭೇದಿ ಹೆಚ್ಚಾದಾಗ ಮನೆಮನೆಗೆ ಹೋಗಿ ನೀರು ಕುದಿಸಿ ಕುಡಿಯಿರಿ ಎಂದು ಹೇಳಿಬಂದೆ. ವಿಜಾಪುರದ ಕಡೆಯ ಒಬ್ಬ ಹೆಂಗಸು, ಕಾರ್ಖಾನೆ ಕೆಲಸಗಾರನ ಹೆಂಡತಿ, ತಪ್ಪದೆ ಕುದಿಸುತ್ತಿದ್ದಳು. ಆದರೂ ಮಕ್ಕಳ ಹೊಟ್ಟೆನೋವು ನಿಲ್ಲಲಿಲ್ಲ.

"ಹೇಗೆ ಕುದಿಸ್ತೀಯಮ್ಮ?"

"ಗುಳುಗುಳು ಅಂತ ಕುದೀತಾವ್ರಿ ಬಾಯಾರ. ಆಮ್ಯಾಲೆ ಕುಡಿಯಾಕ ಬಾಳ ಬಿಸಿ ಆಗ್ತದಲ್ರಿ? ಅದಕ್ಕ ಅರ್ಧ ತಂಬಗಿ ನಳದ ನೀರು ಬೆರಸ್ತೀನ್ರಿ!"

ಮತ್ತೆ ಕೂತು ತಿಳಿಸಿ ಹೇಳಿದೆ. ಅವಳಿಗೆ ಅರ್ಥವಾಯಿತು, ಹೊಟ್ಟೆನೋವೂ ನಿಂತಿತು. ಮುಂದಿನ ತಿಂಗಳು ಬಿಸಿಲಲ್ಲಿ ಬಳಲಿ ಹೋಗಿ, ಅವಳ ಕೊಡಕ್ಕೆ ನಾನೇ ಲೋಟ ಅದ್ದಲು ಹೋದೆ. ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಚಾಳಿನವರೆಲ್ಲ ನೋಡುತ್ತಿದ್ದರು.

"ಬಾಯಾರ, ಮೊದಲು ಕೈ ತೊಳಕೊಳ್ರಿ. ನಿಮಗ ಯಾರೂ ಹೇಳಿಲ್ಲೇನು?"

೪. ಕ್ಯೂ

ಅಂಧೇರಿಯಲ್ಲಿ ಒಂದು ಮನೆಗೆ ಸಿಡುಬು ಬಂತು. ಹಬ್ಬುವ ಮೊದಲೇ ಅಕ್ಕಪಕ್ಕದವರಿಗೆಲ್ಲ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಬೇಕು. ಸ್ಟೇಷನ್ನಿನ ಹತ್ತಿರ ಮೇಜು ಹಾಕಿ ಎರಡು ದಿನ ಕೂತೆವು. ನೊಣ ಬಿಟ್ಟರೆ ಯಾರೂ ಬರಲಿಲ್ಲ. ನನಗೆ ನಿಜಕ್ಕೂ ದಿಗಿಲಾಯಿತು.

ನಮ್ಮ ಕಂಪೌಂಡರ್ ಮಂಗಳೂರಿನವರು. "ಎಂಥ ಮಾರಾಯ್ರೆ, ಮುಂಬಯಿ ಜನ ಕರೆದರೆ ಬರುವುದಿಲ್ಲ, ಕ್ಯೂ ಕಂಡರೆ ಬರ್ತಾರೆ," ಎಂದರು. ಮೂರನೆಯ ದಿನ ತಾವೂ, ಇಬ್ಬರು ಸ್ನೇಹಿತರೂ ಮೇಜಿನ ಮುಂದೆ ಸುಮ್ಮನೆ ಸಾಲಾಗಿ ನಿಂತರು. ರೇಷನ್ನಿನ ಕಾಲ. ಸ್ವಲ್ಪ ಹೊತ್ತಿಗೆ ಹಿಂದೆ ಇಪ್ಪತ್ತು ಜನ. ಆಮೇಲೆ ಸಾಲು ರಸ್ತೆ ತಿರುವು ದಾಟಿತು. ಎಲ್ಲರ ಕೈಯಲ್ಲೂ ಖಾಲಿ ಚೀಲ. ಸಕ್ಕರೆ ಎಂಬ ಸುದ್ದಿಯನ್ನು ಯಾರು ಹುಟ್ಟಿಸಿದರೋ, ನಾವಂತೂ ಅಲ್ಲ.

ಮೇಜಿನ ಹತ್ತಿರ ಬಂದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ: "ಸಕ್ಕರೆ ಇಲ್ಲ. ಸಿಡುಬು ಬಾರದ ಹಾಗೆ ದೇವಿ ಹಾಕ್ತೇವೆ."

"ಇಷ್ಟು ಹೊತ್ತು ನಿಂತು ಬರಿಗೈಲಿ ಹೋಗೋದೇ? ಹಾಕಿ!" ಎಂದು ತೋಳು ಚಾಚಿದರು. ಹಾಕಿಸಿಕೊಂಡವರು ಹಿಂದಿನವರಿಗೆ ಒಂದು ಮಾತೂ ಹೇಳದೆ ಗಂಭೀರವಾಗಿ ಹೊರಟುಹೋದರು. ತಾನೊಬ್ಬನೇ ಯಾಕೆ ಬೇಸ್ತು ಬೀಳಬೇಕು?

ಸಂಜೆಯೊಳಗೆ ಆ ಬೀದಿಯಲ್ಲಿ ತೋಳು ಕೊಡದವರು ಉಳಿಯಲಿಲ್ಲ. ಸಿಡುಬು ಆ ಒಂದು ಮನೆಯನ್ನು ದಾಟಲಿಲ್ಲ.

ಸಾಲು ಇನ್ನೂ ಉದ್ದವಿದ್ದಾಗಲೇ ತಪಾಸಣೆಗೆ ನಮ್ಮ ದೊಡ್ಡ ಡಾಕ್ಟರು ಬಂದರು. ಬೆಂಗಳೂರಿನವರು. ಆ ಜನ ನೋಡಿ ಅವರ ಕಣ್ಣು ತುಂಬಿಬಂತು. ಕುರ್ಚಿಯ ಪಕ್ಕ ನಿಂತು ಭಾಷಣವನ್ನೇ ಶುರುಮಾಡಿದರು: "ನೋಡಿ ಸಿಸ್ಟರ್, ಇದು ಜಾಗೃತಿ! ವರ್ಷಗಟ್ಟಲೆ ನಾನು ಊರಿಗೂ ಹೇಳಿದೆ, ಮನೆಯಲ್ಲೂ ಹೇಳಿದೆ. ಜನ ಈಗ ತಾವಾಗಿಯೇ ತಿಳಿದು ಬರ್ತಿದ್ದಾರೆ..."

ಸಾಲಿನ ನಡುವಿನಿಂದ ರೇಷ್ಮೆ ಸೀರೆಯ ಒಬ್ಬ ಹೆಂಗಸು ಕತ್ತು ಹೊರಹಾಕಿ, ಎರಡು ಚೀಲ ಎತ್ತಿ ಬೀಸಿದರು.

"ರೀ! ಇಲ್ಲೇ ಇದ್ದೀರಾ? ಆ ಸಿಸ್ಟರಿಗೆ ಹೇಳಿ, ನಮ್ಮ ಮನೆಗೆ ಎರಡು ಸೇರು ಸಕ್ಕರೆ ತೆಗೆದಿಡಲಿ!"