ಜಿರಾಫೆಯ ಕೊರಳು, ಮಾವನ ಕುರಲ್

ಊರ ಗುಡ್ಡಕ್ಕೆ ಚಿರತೆ ಇಳಿದಿದೆ ಎಂದರೂ ಮಗ್ಗುಲು ಬದಲಿಸಿ ಮಲಗುವ ನನ್ನ ಸೋದರಮಾವ, ಜನ್ಮದಲ್ಲಿ ಕಂಡಿಲ್ಲದ ಜಿರಾಫೆಗೆ ಹೆದರಿ ಕುರಿದೊಡ್ಡಿಯ ಬೇಲಿಯನ್ನು ಎರಡಾಳೆತ್ತರ ಏರಿಸಿದರು ಎಂದರೆ ನೀವು ನಂಬುತ್ತೀರಾ? ನಂಬಬೇಕು. ಆ ಮುಳ್ಳು ಹೊತ್ತು ಕೈ ತರಚಿಕೊಂಡವನು ನಾನೇ.

ಮಾವನದು ತಮಿಳುನಾಡಿನ ಕಂಬೈನಲ್ಲೂರಿನ ಮಗ್ಗುಲ ಹಳ್ಳಿ, ಮನೆಯೊಳಗೆ ಆಡುವುದು ಕನ್ನಡ. ಕುರಿ ಮೇಯಿಸುವುದು ಅವರ ಕಸುಬು, ಕೂಗುವುದು ಅವರ ಖ್ಯಾತಿ. ಗುಡ್ಡದ ಬುಡದಲ್ಲಿ ನಿಂತು ಅವರು ಒಂದು ಕೂಗು ಹಾಕಿದರೆ ಕುರಿಗಳಿರಲಿ, ಮೊರಪ್ಪೂರು ಸ್ಟೇಷನ್ನಿನಿಂದ ಹೊರಟ ರೈಲು ಕೂಡ ಅರೆಗಳಿಗೆ ಯೋಚಿಸುತ್ತದೆ ಎಂದು ನಮ್ಮವರು ಆಡಿಕೊಳ್ಳುತ್ತಿದ್ದರು. ಶಂಕಗಿರಿಯ ಲಾರಿ ಆಫೀಸಿನಲ್ಲಿ ಕೂತ ನನಗೆ ಅವರ ಫೋನು ಬಂದರೆ, ಅದನ್ನು ಮೇಜಿನ ಆ ತುದಿಯಲ್ಲಿಟ್ಟು ಈ ತುದಿಯಿಂದ ಮಾತಾಡುತ್ತಿದ್ದೆ.

ಅಂಥ ಗಂಟಲಿಗೇ ಗಡ್ಡೆ ಬಂತು. ಸೇಲಂಗೆ ಕರೆದೊಯ್ದೆವು. ಡಾಕ್ಟರು ಎಲ್ಲ ನೋಡಿ, "ಆಪರೇಷನ್ ಪಣ್ಣಣುಂ ಪೆರಿಯವರೇ. ಉಯಿರುಕ್ಕು ಬಯಮಿಲ್ಲೆ, ಆನಾ ಕುರಲ್ ಪೋಯಿಡುಂ" ಎಂದರು. ಆಪರೇಷನ್ ಆಗಬೇಕು, ಜೀವಕ್ಕೆ ಭಯವಿಲ್ಲ, ಆದರೆ ದನಿ ಹೋಗುತ್ತದೆ ಎಂದರ್ಥ. ಮಾವ ಬಾಲ್ಯದಿಂದ ತಮಿಳು ಆಡಿದವರೇ. ಆದರೆ ಹೆದರಿದ ಕಿವಿ ಮನೆಮಾತಿಗೆ ಓಡಿಬಿಡುತ್ತದೆ ನೋಡಿ. ತಮಿಳಿನ ಕುರಲ್ ಅವರಿಗೆ ಕನ್ನಡದ ಕೊರಳಾಗಿ ಕೇಳಿಸಿತು! ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಎದ್ದವರು ಬಸ್‌ಸ್ಟ್ಯಾಂಡಿಗೆ ಬಂದ ಮೇಲೇ ಕೈ ಬಿಟ್ಟದ್ದು.

"ಕೊರಳೇ ಓದ್ಮೇಲೆ ಜೀವ ಎಲ್ಲಿ ಇಟ್ಕೊಳ್ಳಾದ್ಲಾ? ಸೊಂಟದಾಗಾ?"

ಕುರಲ್ ಅಂದರೆ ದನಿ, ಕತ್ತಲ್ಲ ಎಂದು ಬಿಡಿಸಿ ಹೇಳಿದೆ. ಅವರ ಮುಖ ಇನ್ನೂ ಸಣ್ಣದಾಯಿತು. "ಎರಡೂ ಒಂದೇ ಕಣ್ಲಾ. ದನಿ ಇಲ್ದಿದ್ರೆ ಕುರಿ ಯಾರ ಇಂದೆ ಬತ್ತಾವೆ?" ಎಂದವರು ಆಪರೇಷನ್ನಿನ ಮಾತನ್ನೇ ಮುಚ್ಚಿದರು. ತಡ ಮಾಡಬೇಡಿ ಎಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ್ದರು.

ಅದೇ ದಿನಗಳಲ್ಲಿ, ನಾನು ಭಾನುವಾರದ ರಜೆಗೆ ಮಾವನ ಮನೆಗೆ ಹೋಗಿದ್ದಾಗ, ಟಿವಿಯಲ್ಲಿ ಜಿರಾಫೆ ಬಂತು. ತಮಿಳಿನಲ್ಲಿ ಅದರ ಹೆಸರು ಒಟ್ಟಗಚ್ಚಿವಿಂಗಿ. ಒಟ್ಟಗ ಎಂದರೆ ಒಂಟೆ, ಚಿವಿಂಗಿ ಎಂದರೆ ನಮ್ಮ ಸಿವಂಗಿ. ಕುರಿ ಕಾಯುವವರ ಬಾಯಲ್ಲಿ ಸಿವಂಗಿ ಯಾವುದು? ಕುರಿ ಹೊತ್ತೊಯ್ಯುವ ಚುಕ್ಕೆಯ ಮೃಗ. ಟಿವಿಯಲ್ಲಿದ್ದದ್ದಕ್ಕೂ ಮೈತುಂಬ ಮಚ್ಚೆ! ಮಾವ ಬೆಚ್ಚಿಬಿದ್ದರು.

"ಸಿವಂಗಿಗೆ ಒಂಟೆ ಕುತ್ಗೆ ಬಂದೈತಲ್ಲೇ! ಬೇಲಿ ಆಚೆ ನಿಂತ್ಕೊಂಡೇ ಮರಿ ಎತ್ಕೊಳ್ತದೆ."

"ಅದು ಆಫ್ರಿಕಾದಾಗಂತೆ ಇರಾದು," ಎಂದರು ಅತ್ತೆ.

"ಲಾರಿ ಎಲ್ಲೆಲ್ಲಿಂದಲೋ ಬತ್ತಾವೆ. ಅದ್ಕೆ ಕಾಲಿಲ್ವಾ?"

ಹೀಗೆ ಬೇಲಿ ಏರಿತು. ನಾನು ಮೊಬೈಲ್ ತೆಗೆದು, ಅದು ಮುಳ್ಳು ಜಾಲಿಯ ಎಲೆಯನ್ನು ಕರೀ ನಾಲಗೆಯಲ್ಲಿ ಬಿಡಿಸಿ ತಿನ್ನುವುದನ್ನು ತೋರಿಸಿದೆ. ತಿಂದದ್ದನ್ನು ಮತ್ತೆ ಬಾಯಿಗೆ ತಂದುಕೊಂಡು ಜಗಿಯುವುದನ್ನೂ ತೋರಿಸಿದೆ.

"ಮೆಲುಕಾಕ್ತೈತಾ?" ಮಾವ ಹಾಗೇ ಕುಸಿದು ಕೂತರು. "ಅಯ್ಯೋ, ಇದು ನಮ್ ಕುರಿ ಜಾತಿ. ಪಾಪ, ಕಳ್ಳ ಅಂದ್ಬುಟ್ನಲ್ಲ." ಮೊಬೈಲಿಗೇ ಕೈ ಮುಗಿದರು.

ಅಂದಿನಿಂದ ಶುರುವಾಯಿತು ನನ್ನ ಗ್ರಹಚಾರ. ನಾನು ಆಪರೇಷನ್ ಎಂದು ಬಾಯಿ ತೆರೆದರೆ ಸಾಕು, ಅವರು ಜಿರಾಫೆಯನ್ನು ಅಡ್ಡ ನಿಲ್ಲಿಸುತ್ತಿದ್ದರು.

"ಮಾವ, ಡಾಕ್ಟ್ರು ಕೇಳ್ತಾವ್ರೆ, ಯಾವತ್ತು ಬತ್ತೀರ ಅಂತ."

"ಅದ್ರ ಕುತ್ಗೇಲಿ ಮೂಳೆ ಎಷ್ಟ್ಲಾ?"

"ಏಳು. ನಿಮ್ಗೂ ಏಳೇ."

ಮಾವ ತಮ್ಮ ಹಿಂಗತ್ತನ್ನು ಸವರಿ ನೋಡಿಕೊಂಡರು. "ಏಳೇನಾ? ಮತ್ಯಾಕೆ ನಂಗೆ ಅಟ್ಟದ ಮ್ಯಾಲೆ ನಿಮ್ಮತ್ತೆ ಬಚ್ಚಿಟ್ಟಿರೋ ಬೆಲ್ಲ ಕಾಣಲ್ಲ?"

ಇನ್ನೊಂದು ಸಲ ಜಿರಾಫೆ ಈಯುವುದನ್ನು ತೋರಿಸಿ ಕೆಟ್ಟೆ. ತಾಯಿ ನಿಂತೇ ಈಯುತ್ತದೆ. ಮರಿ ಆಳೆತ್ತರದಿಂದ ತಲೆಕೆಳಗಾಗಿ ನೆಲಕ್ಕೆ ಬೀಳುತ್ತದೆ. ಬಿದ್ದ ಹೊಡೆತಕ್ಕೇ ಉಸಿರು ಎಳೆದುಕೊಂಡು ಸ್ವಲ್ಪ ಹೊತ್ತಿಗೆ ಎದ್ದೂ ನಿಲ್ಲುತ್ತದೆ. ಎಷ್ಟೋ ಕುರಿಮರಿಗಳನ್ನು ಅಂಗೈಯಲ್ಲಿ ಹಿಡಿದಿಳಿಸಿದ ಮಾವನಿಗೆ ಆವತ್ತು ಮುದ್ದೆ ಇಳಿಯಲಿಲ್ಲ. "ಇಡ್ಕೊಳಾಕೆ ಒಬ್ರೂ ಇಲ್ವಾ ಅಲ್ಲಿ?" ಎಂದು ಊರಿನ ಟೀ ಅಂಗಡಿಯಲ್ಲಿ ಎಲ್ಲರನ್ನೂ ಕೇಳಿದರು. ಆದರೆ ಪಕ್ಕದಲ್ಲಿ ಕೂತವರೂ "ಏನು?" ಎಂದು ಮರುಕೇಳುವಷ್ಟು ಅವರ ದನಿ ಇಳಿದುಹೋಗಿತ್ತು. ನಮಗೆಲ್ಲ ದಿಗಿಲಾಯಿತು. ಅತ್ತೆ ನನ್ನನ್ನು ಕಂಡಾಗಲೆಲ್ಲ, "ಎಂಗಾನ ಒಪ್ಸಪ್ಪ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಗೊಂದು ಭಾನುವಾರ ಮಾವನೇ ಕೇಳಿದರು: "ಅದು ಎಂಗೆ ಕೂಗ್ತೈತೆ? ಆಕು, ಕೇಳನ."

ಹುಡುಕಿದೆ, ಓದಿದೆ. ನಾನೂ ಬೆರಗಾದೆ. "ಅದು ಕೂಗದೇ ಅಪರೂಪ ಮಾವ. ಮೂಕಪ್ರಾಣಿ ಅಂತ್ಲೇ ಜನ ಬಾಳ ದಿನ ತಿಳ್ಕೊಂಡಿದ್ರಂತೆ."

ಮಾವ ನನ್ನನ್ನೇ ನೋಡಿದರು. "ಅಷ್ಟುದ್ದ ಕೊರಳೈತೆ, ಕುರಲ್ ಇಲ್ವಾ?" ಆ ಎರಡು ಪದಗಳನ್ನು ಅವರು ಬೇರೆ ಮಾಡಿ ಆಡಿದ್ದು ಅದೇ ಮೊದಲು.

"ಮತ್ತೆ ಗುಂಪು ಚೆದುರಲ್ವಾ? ಮರಿ ತಪ್ಪಿಸ್ಕೊಳಲ್ವಾ?" ಎಂದು ಅವರೇ ಮತ್ತೆ ಕೇಳಿದರು.

"ದೂರದ್ದು ಚೆನ್ನಾಗಿ ಕಾಣ್ತೈತೆ ಅವ್ಕೆ. ಮರದ ಮ್ಯಾಲಿಂದ ಒಂದ್ರ ತಲೆ ಒಂದು ನೋಡ್ಕೊಂಡೇ ಓಡಾಡ್ತಾವೆ."

ನನ್ನ ಮೊಬೈಲಿನ ಚಾರ್ಜು ಮುಗಿಯುವವರೆಗೂ ಮಾವ ಆ ಸದ್ದಿಲ್ಲದ ಹಿಂಡನ್ನು ನೋಡಿದರು. ಆಮೇಲೆ ಅದನ್ನು ನನ್ನ ಕೈಗಿಟ್ಟು, "ನಾಳೆ ಸೇಲಂಗೆ ಓಗನ ನಡಿ" ಎಂದರು.

ಆಪರೇಷನ್ ಆಯಿತು. ಮಾವ ಉಳಿದರು, ದನಿ ಹೋಯಿತು. ಮತ್ತೆ ಕುರಿ ಬಿಟ್ಟ ಮೊದಲ ದಿನ ನಾನೂ ಅತ್ತೆಯೂ ಜೊತೆಗೆ ಹೋದೆವು. ಸಂಜೆ ಕುರಿಗಳು ಜಾಲಿಯಾಚೆ ಚೆದುರಿದ್ದವು. ಮಾವ ಅಭ್ಯಾಸಬಲದಿಂದ ಎದೆಯುಬ್ಬಿಸಿ ಬಾಯಿ ತೆರೆದರು. ಏನೂ ಬರಲಿಲ್ಲ. ನನಗೆ ನೋಡಲಾಗಲಿಲ್ಲ. ತಾನು ಕೂಗಲೇ ಎಂದು ಅತ್ತೆ ಕೈಸನ್ನೆ ಮಾಡಿದರೆ ಮಾವ ಬೇಡವೆಂದು ತಲೆಯಾಡಿಸಿ, ಹೆಗಲ ಕೆಂಪು ಟವಲನ್ನು ಮರದ ಸೊಪ್ಪು ಇಳಿಸುವ ಉದ್ದನೆಯ ದೋಟಿಯ ತುದಿಗೆ ಕಟ್ಟಿ, ಬಂಡೆ ಹತ್ತಿ ಮೇಲಕ್ಕೆತ್ತಿ ಹಿಡಿದರು. ಕತ್ತನ್ನೂ ಆದಷ್ಟು ಉದ್ದ ಮಾಡಿದ್ದರು.

ಕುರಿಗಳು ಮೇಯುತ್ತಲೇ ಇದ್ದವು. ಮಾವ ಕೈ ಬದಲಿಸಿ ಹಿಡಿದರು, ದೋಟಿಯನ್ನು ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮುದಿ ಕುರಿ ತಲೆಯೆತ್ತಿ ನೋಡಿತು. ನಿಂತಿತು. ಆಮೇಲೆ ಬಂಡೆಯ ಕಡೆ ನಡೆಯಿತು. ಉಳಿದವೂ ಅದರ ಹಿಂದೆ ಬಂದವು.

ಮಾವ ನನ್ನ ಕಡೆ ತಿರುಗಿ ತುಟಿಯಾಡಿಸಿದರು. ಏನು ಕೇಳುತ್ತಿದ್ದಾರೆಂದು ಗೊತ್ತಾಯಿತು. ಅವರ ಕಿವಿಗೇನೂ ಆಗಿರಲಿಲ್ಲ. ಆದರೂ ನಾನು ಎದೆಬಿರಿಯುವಂತೆ, ಅವರು ಕೂಗುತ್ತಿದ್ದ ಹಾಗೆಯೇ ಕೂಗಿ ಹೇಳಿದೆ:

"ಬಂದ್ವು ಮಾವ, ಎಲ್ಲಾ ಬಂದ್ವು."